ಬೀಡಿ ಸೇದದ ಅಳಿಯ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಕುರುಗೋಡಿನ ಗವಿಸಿದ್ದಪ್ಪ ಇದನ್ನು ಗಾದೆ ಎಂದು ತಿಳಿದಿರಲಿಲ್ಲ, ಕೆಲಸದ ಕರಾರು ಎಂದು ತಿಳಿದಿದ್ದ. ಸಾವಿರ ತುಂಬುವ ಮೊದಲೇ ಮದುವೆ ಕುದುರಿಬಿಟ್ಟರೆ ಅವನಿಗೆ ಮೈಗಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು. ಉಳಿದ ಸುಳ್ಳುಗಳನ್ನು ಮದುವೆ ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುತ್ತಿದ್ದ.

ಹೆಣ್ಣು ಗಂಡು ಕೂಡಿಸುವುದು ಅವನ ಕಸುಬು. ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಕೊಡೆ. ಕೊಡೆ ಬಿಸಿಲಿಗೆ. ನಮ್ಮ ಕಡೆ ಮಳೆಗೆಂದು ಕೊಡೆ ಹಿಡಿದು ತಿರುಗುವವನನ್ನು ಜನ ನಿಂತು ನೋಡುತ್ತಾರೆ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ, ಅಲ್ಲಿಂದ ಆಚೆ ಆಂಧ್ರದ ಗಡಿಯವರೆಗೆ ಅವನು ಕಾಲಿಡದ ಪಡಸಾಲೆ ಇಲ್ಲ. ಗಡಿ ದಾಟಿದ ಮೇಲೆ "ಅಮ್ಮಾಯಿ ಬಂಗಾರಮಂಡಿ" ಎಂದು ತೆಲುಗಿನಲ್ಲಿ ಶುರುಮಾಡುತ್ತಿದ್ದ. ಭಾಷೆ ಯಾವುದಾದರೂ ಹುಡುಗಿ ಮಾತ್ರ ಬಂಗಾರವೇ.

ನನ್ನ ಮದುವೆ ಮಾಡಿಸಿದವನೂ ಇವನೇ. ನಾನು ಕರಿಬಸವ. ತಾಲೂಕು ಕಚೇರಿಯ ಕಾಂಪೌಂಡಿಗೆ ಹತ್ತಿಕೊಂಡು ನನ್ನ ಜೆರಾಕ್ಸ್ ಅಂಗಡಿ ಇದೆ. ಹಚ್ಚೊಳ್ಳಿಯ ನನ್ನ ಮಾವನಿಗೆ ಇವನು "ಹುಡುಗ ಬೆಳಿಗ್ಗಿಂದ ಸಂಜಿಮಟ ತಾಲೂಕು ಆಫೀಸಿನಾಗ ಇರ್ತಾನ, ತಹಶೀಲ್ದಾರರ ಕಾಗದ ಎಲ್ಲಾ ಇವನ ಕೈಮ್ಯಾಲ ಹೋಗ್ತಾವ" ಎಂದು ಹೇಳಿದ್ದ. ನನಗೆ "ಹುಡುಗಿ ದನಿ ಅಂದ್ರ ದನಿ" ಎಂದಿದ್ದ. ಹಾಡುತ್ತಾಳೆ ಎಂದು ನಾನು ತಿಳಿದೆ. ದಾಕ್ಷಾಯಣಿಯ ದನಿ ಈಗ ಮೂರು ಓಣಿಗೆ ಕೇಳಿಸುತ್ತದೆ, ಆದರೆ ಅದು ಹಾಡಲ್ಲ. ಹೀಗೆ ಮೋಸಹೋದ ಮೇಲೂ ಅವನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಿಸಿದವನು ನಾನೇ. ಅವನ ಮಾತು ಕೇಳುತ್ತ ಕೂತರೆ ಹೊತ್ತು ಹೋಗುವುದು ಗೊತ್ತಾಗುತ್ತಿರಲಿಲ್ಲ, ಏನು ಮಾಡುವುದು.

ಅವನ ಮಾತನ್ನು ಅಳೆಯಲು ನಾವೊಂದು ಲೆಕ್ಕ ಇಟ್ಟುಕೊಂಡಿದ್ದೆವು. ಊರದೇವರು ದೊಡ್ಡಬಸವೇಶ್ವರನ ಮೇಲೆ ಆಣೆ ಇಟ್ಟರೆ ಸುಳ್ಳು. ಟವೆಲ್ಲು ಕೊಡವಿ ಆಣೆ ಇಟ್ಟರೆ ಭಾರೀ ಸುಳ್ಳು. ಆಣೆ ಇಲ್ಲದೆ ಸುಮ್ಮನೆ ಹೇಳಿದನೆಂದರೆ ನಂಬಬಹುದು, ಆದರೆ ಅಂಥ ಸಂದರ್ಭ ನನ್ನ ನೆನಪಿನಲ್ಲಿ ಹೆಚ್ಚಿಲ್ಲ. ಕಸುಬಿನಲ್ಲಿ ಅವನದೂ ಒಂದು ಧರ್ಮವಿತ್ತು. "ಒಂದು ಐಬು ನಾವ ಮುಂದಾಗಿ ಹೇಳಿಬಿಡಬೇಕಲೇ ಕರಿಬಸವ. ಹುಡುಗೀಗಿ ಸ್ವಲ್ಪ ಸಿಟ್ಟು ಜಾಸ್ತಿ ಅಂತಾನೋ, ಹುಡುಗಗ ಬೆಳಿಗ್ಗಿ ಏಳೋದು ತಡ ಅಂತಾನೋ. ಏನೂ ಐಬಿಲ್ಲ ಅಂದ್ರ ಬೀಗರು ಹೆದರ್ತಾರ" ಎನ್ನುತ್ತಿದ್ದ. ಇದೊಂದು ಮಾತು ಮಾತ್ರ ನಿಜ ಎಂದು ನನಗೂ ಅನ್ನಿಸಿತ್ತು.

ಊರ ಮಂದಿಗೆಲ್ಲ ಮದುವೆ ಮಾಡಿಸಿದ ಗವಿಸಿದ್ದಪ್ಪನಿಗೆ ಮದುವೆಯಾಗಿರಲಿಲ್ಲ. ತನ್ನ ಪರವಾಗಿ ಸುಳ್ಳು ಹೇಳಲು ಇನ್ನೊಬ್ಬ ಗವಿಸಿದ್ದಪ್ಪ ಊರಲ್ಲಿ ಇರಲಿಲ್ಲವಲ್ಲ. ಅಪ್ಪ ಅವ್ವ ತೀರಿಹೋಗಿದ್ದರು, ಒಡಹುಟ್ಟಿದವರು ಯಾರೂ ಇರಲಿಲ್ಲ. ಖಾನಾವಳಿಯಲ್ಲಿ ಉಂಡು ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದ.

ಇತ್ತೀಚೆಗೆ ಅವನ ಕಸುಬಿಗೆ ಕುತ್ತು ಬಂತು. ಹುಡುಗ ಹುಡುಗಿಯರು ಫೋನಿನಲ್ಲೇ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುವುದನ್ನು ಕಲಿತರು. ನಡುವೆ ದಲ್ಲಾಳಿ ಬೇಡವಾದ. ಅದೇ ಹೊತ್ತಿಗೆ ನಮ್ಮ ಸೀಮೆಗೆ ಸೋಲಾರ್ ಕಂಪನಿ ಬಂತು.

ಕಂಪನಿಗೆ ಬೇಕಾಗಿದ್ದದ್ದು ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವಾಗ ಸಿಗುವ, ಕಾಲುವೆ ನೀರು ಹತ್ತದ ಎತ್ತರದ ಹೊಲಗಳು. ಎಲ್ಲವೂ ಒಂದಕ್ಕೊಂದು ಹತ್ತಿಕೊಂಡಿರಬೇಕು. ಇಪ್ಪತ್ತೆಂಟು ವರ್ಷಕ್ಕೆ ಬಾಡಿಗೆ. ಹಣ ಹಾಕುವುದು ಹೊರದೇಶದ ಒಂದು ಬ್ಯಾಂಕು. ಯೂರೋಪಿನ ಯಾವುದೋ ಚಳಿ ದೇಶದ ಮುದುಕರು ಪಿಂಚಣಿಗೆಂದು ಕೂಡಿಟ್ಟ ದುಡ್ಡನ್ನು ಅದು ನಮ್ಮಂಥ ದೇಶಗಳಲ್ಲಿ ಬಿಸಿಲಿಗೆ, ಗಾಳಿಗೆ ಹಾಕಿ ಬೆಳೆಸುತ್ತದಂತೆ. ನಮ್ಮ ಬಿಸಿಲಿಗೆ ಇಷ್ಟು ಗಿರಾಕಿ ಇದೆ ಎಂದು ಗೊತ್ತಿದ್ದರೆ ನಮ್ಮಜ್ಜ ಅದನ್ನು ಜೀವಮಾನವಿಡೀ ಅಷ್ಟೊಂದು ಬೈಯುತ್ತಿರಲಿಲ್ಲ.

ಗವಿಸಿದ್ದಪ್ಪ ಇದನ್ನು ಕೇಳಿದ್ದೇ ತಡ, ಕಣ್ಣರಳಿಸಿದ. ಹೊಲ ಹೆಣ್ಣು, ಕಂಪನಿ ಗಂಡು. ಅವನಿಗೆ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ.

ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಮಹಡಿಯ ಮೇಲೆ ಕಂಪನಿಯ ಆಫೀಸು. ಹುಲುಗೇಶ್ ಎಂಬ ಅಧಿಕಾರಿ ಅಲ್ಲಿ ಜಮೀನಿನ ಕೆಲಸ ನೋಡಿಕೊಳ್ಳುತ್ತಿದ್ದ. ನಾವು ಹೋದ ಕೂಡಲೇ ಚಹಾ ತರಿಸಿದ. ಗವಿಸಿದ್ದಪ್ಪ ಲೋಟವನ್ನು ಹಿಂದಕ್ಕೆ ಸರಿಸಿದ.

"ಮಾತು ಮುಗಿಯೋಮಟ ಗಂಡಿನವರ ಮನಿಯಾಗ ನೀರು ಸುದ್ದಾ ಮುಟ್ಟಂಗಿಲ್ರಿ ನಾವು."

ಹುಲುಗೇಶ್ ನನ್ನ ಮುಖ ನೋಡಿದ. ನಾನು ಎರಡೂ ಚಹಾ ಕುಡಿದೆ. ಆಮೇಲೆ ಅವನು ಹೊಲಗಳ ಬಗ್ಗೆ ಒಂದೊಂದಾಗಿ ಕೇಳುತ್ತ ಬಂದ.

"ಆ ಜಾಗದಾಗ ಗುಡಿ, ದರ್ಗಾ, ಸಮಾಧಿ, ಹುತ್ತ, ಪೂಜಾ ಮಾಡೋದು ಏನರ ಐತೇನ್ರಿ? ಹೊರದೇಶದ ದುಡ್ಡು ನೋಡ್ರಿ, ಇದನ್ನ ಬಾಳ ಕೇಳ್ತಾರ."

ಮನೆತನದಲ್ಲಿ ಯಾರಿಗಾದರೂ ರೋಗ ಇದೆಯೇ ಎಂದು ಬೀಗರು ಕೇಳಿದರೆ ಏನು ಹೇಳಬೇಕೆಂದು ಗವಿಸಿದ್ದಪ್ಪನ ನಾಲಿಗೆಗೆ ಅಭ್ಯಾಸವಾಗಿತ್ತು. ಯೋಚನೆ ಮಾಡುವ ಮೊದಲೇ ಅದು ಹೇಳಿಬಿಟ್ಟಿತು.

"ಒಂದು ಬೇವಿನ ಗಿಡ ಸುದ್ದಾ ಇಲ್ರಿ. ದೊಡ್ಡಬಸವೇಶ್ವರನಾಣಿ."

ಟವೆಲ್ಲನ್ನೂ ಕೊಡವಿದ. ನಾನು ನೆಲ ನೋಡಿದೆ. ಆ ಹೊಲಗಳ ನಟ್ಟನಡುವೆ ಜಂಬಮ್ಮನ ಹೊಲವಿತ್ತು, ಜಂಬಮ್ಮನ ಹೊಲದ ನಡುವೆ ಆಳೆತ್ತರದ ಹುತ್ತವಿತ್ತು.

ರೈತರನ್ನು ಒಪ್ಪಿಸಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಗಂಡಿನ ಗುಣಗಾನ ಮಾಡಿದ. "ಕಬ್ಬಿಣದ ಫ್ಯಾಕ್ಟರಿ ನೋಡೀರಿಲ್ಲ, ಹಗಲೂರಾತ್ರಿ ಹೊಗಿ ಬಿಡತಾವ. ಇದು ಹೊಗಿ ಇಲ್ಲದ ಕಂಪನಿ. ಬೀಡಿ ಸೇದದ ಅಳಿಯ ಅಂತ ತಿಳಕೊಳ್ರಿ. ಗಲಾಟಿ ಇಲ್ಲ, ಗದ್ದಲ ಇಲ್ಲ, ಹಗಲಾಗ ದುಡಿತಾನ, ಹೊತ್ತು ಮುಣುಗಿದ್ರ ಸುಮ್ಮನ ಮಕ್ಕೊಂತಾನ. ಓಡಿಹೋಗೋನಲ್ಲ, ಕಂಬ ಹುಗುದು ಕೂಡೋನು." ಒಂದು ಐಬೂ ಹೇಳಿದ: "ಮಳಿಗಾಲದಾಗ ಸ್ವಲ್ಪ ಮಂಕು." ಈ ಸೀಮೆಯಲ್ಲಿ ಮಳೆಗಾಲವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ. ಎಲ್ಲರೂ ಹೂಂ ಅಂದರು, ಜಂಬಮ್ಮ ಒಬ್ಬಳನ್ನು ಬಿಟ್ಟು.

ಅವಳ ಮನೆಗೆ ನಾವು ಹೋದಾಗ ಅವಳು ಶೇಂಗಾ ಸುಲಿಯುತ್ತಿದ್ದಳು. ಗಂಡ ಮೂಕಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ, ಅವನು ಮಾತಾಡುವವನಲ್ಲ. ಹೊಲ ಜಂಬಮ್ಮನ ತವರಿನದು. ಅಪ್ಪನಿಗೆ ಇವಳೊಬ್ಬಳೇ ಮಗಳು, ಸಾಯುವ ಮುಂಚೆ ಇವಳ ಹೆಸರಿಗೇ ಬರೆದಿದ್ದ.

"ಅವರ ಊರಾಗ ಬಿಸಿಲಿಲ್ಲೇನ್ರಿ ಗವಿಸಿದ್ದಪ್ಪಾರ, ಇಲ್ಲಿಮಟ ಯಾಕ ಬರ್ತಾರ?"

"ಆರು ತಿಂಗಳು ಸೂರ್ಯ ರಜಾದ ಮ್ಯಾಲ ಹೋಗತಾನವ್ವಾ ಅಲ್ಲಿ. ಮುದುಕರು ಚಳಿಯಾಗ ನಡುಗತಾರ."

"ಅಯ್ಯ, ಪಾಪ" ಎಂದಳು ಜಂಬಮ್ಮ. ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಆದರೆ ಮನಸ್ಸು ಕರಗಿದರೂ ಮಾತು ಬಿಡಲಿಲ್ಲ. "ಹೊಲ ಕೊಡಾಕ ನಂದೇನೂ ತಕರಾರಿಲ್ರಿ. ಹುತ್ತದ ಮಾತು ಹೇಳ್ರಿ. ನನಗ ಅಣ್ಣ ಇಲ್ಲ, ತಮ್ಮ ಇಲ್ಲ. ಪಂಚಮಿ ಬಂದ್ರ ಎಲ್ಲಾರನೂ ತವರಿನವರು ಬಂದು ಕರಕೊಂಡು ಹೋಗ್ತಾರ, ನನ್ನ ಕರಿಯಾಕ ಯಾರೂ ಬರಂಗಿಲ್ಲ. ಆವತ್ತು ನಾನ ನಡಕೊಂಡು ಹೊಲಕ್ಕ ಹೋಗಿ ಆ ಹುತ್ತಕ್ಕ ಹಾಲೆರದು ಬರ್ತೀನಿ. ನಮ್ಮಪ್ಪ ಎರದ ಹುತ್ತ ಅದು. ಅದ ನನ್ನ ತವರುಮನಿ."

"ಹುತ್ತಕ್ಕ ಯಾರು ಕೈ ಹಚ್ಚತಾರವ್ವಾ? ಕಂಪನಿಯವರು ಅದಕ್ಕೊಂದು ಕಟ್ಟಿ ಕಟ್ಟಿಸಿ, ನೀನು ಹೋಗಾಕ ಬಾಗಲಾ ಇಡತಾರ. ದೊಡ್ಡಬಸವೇಶ್ವರನಾಣಿ."

ಜಂಬಮ್ಮ ಅವನ ಮಾತು ನಂಬಿ ಹೂಂ ಅಂದಳು. ವಾಪಸು ಬರುವಾಗ ನಾನು ಬೈಕು ನಿಲ್ಲಿಸಿ, ಆ ಹೆಂಗಸಿಗೆ ಹೀಗೆ ಹೇಳಬಾರದಿತ್ತು ಎಂದೆ. "ಮದಿವಿ ಆದ ಮ್ಯಾಲ ಎಲ್ಲಾ ಹೊಂದಿಕೊಂತಾರಲೇ. ನೀನು, ದಾಕ್ಷಾಯಣಿ ಹೊಂದಿಕೊಂಡಿಲ್ಲೇನು?" ಎಂದ. ನಾನು ಬೈಕು ಶುರುಮಾಡಿದೆ.

ಕೆಲಸ ಶುರುವಾಗುವ ಮೊದಲು ಬ್ಯಾಂಕಿನವರು ಬಂದು ಜಾಗ ನೋಡುತ್ತಾರೆ, ಜನರನ್ನು ಮಾತಾಡಿಸುತ್ತಾರೆ, ಅವರು ಒಪ್ಪಿದ ಮೇಲೇ ಹಣ ಎಂದು ಹುಲುಗೇಶ್ ಫೋನು ಮಾಡಿದ. ದಿನವನ್ನೂ ಹೇಳಿದ. ಗವಿಸಿದ್ದಪ್ಪ ಸಂತೋಷದಿಂದ ಒಪ್ಪಿಕೊಂಡ. ಹೆಣ್ಣು ನೋಡುವ ಶಾಸ್ತ್ರ ಎಂದರೆ ಅವನಿಗೆ ಹಬ್ಬ. ಹೊಲದ ಅಂಚಿಗೆ ಶಾಮಿಯಾನ ಹಾಕಿಸಿದ, ಉಪ್ಪಿಟ್ಟಿಗೆ ಹೇಳಿದ, ರೈತರಿಗೆಲ್ಲ "ಏನು ಕೇಳಿದ್ರೂ ಏನೂ ತೊಂದ್ರಿ ಇಲ್ರಿ ಅನ್ರಿ" ಎಂದು ಪಾಠ ಹೇಳಿಕೊಟ್ಟ. ಉಳಿದದ್ದು ಹುತ್ತ ಒಂದೇ. ಕಂಪನಿಯ ಸರ್ವೆಯವರು ದೂರದಿಂದ ನೋಡಿ ಅದನ್ನು ಮಣ್ಣಿನ ಗುಡ್ಡೆ ಎಂದು ತಿಳಿದಿದ್ದರು. ಹತ್ತಿರ ಹೋದರೆ ಅರಿಶಿನ ಕುಂಕುಮ, ಗೆಜ್ಜೆವಸ್ತ್ರ ಎಲ್ಲವೂ ಕಾಣುತ್ತಿತ್ತು.

ಹಿಂದಿನ ದಿನ ಸಂಜೆ ನಾವಿಬ್ಬರೂ ಪಕ್ಕದ ಹೊಲದ ಬಣವೆಯಿಂದ ಜೋಳದ ಸೊಪ್ಪೆ ಹೊತ್ತು ತಂದು ಹುತ್ತವನ್ನು ಮುಚ್ಚತೊಡಗಿದೆವು. ಗವಿಸಿದ್ದಪ್ಪ ಚಪ್ಪಲಿ ಬಿಟ್ಟು, ಒಂದೊಂದು ಹೊರೆ ಇಡುವಾಗಲೂ "ಒಂದ ದಿನ ತಡಕೊಳೋ ನಾಗಪ್ಪ, ಬೀಗರು ಹೋದ ಮ್ಯಾಲ ತಗಿತೀನಿ" ಎಂದು ಕೈಮುಗಿಯುತ್ತಿದ್ದ. ಹಾವಿಗೂ ಅವನು ಬೀಗರ ಕಥೆಯನ್ನೇ ಹೇಳುತ್ತಿದ್ದಾನಲ್ಲ ಎಂದು ನನಗೆ ನಗು ಬಂತು. ಕೊನೆಯ ಹೊರೆ ಇಟ್ಟು ಬೆವರು ಒರೆಸಿಕೊಳ್ಳುವಾಗ ನಾನು ಹೇಳಿದೆ.

"ಲಗೂ ನಡಿ ಮಾರಾಯ. ದಾಕ್ಷಾಯಣಿ ಪಂಚಮಿಗಿ ಹಚ್ಚೊಳ್ಳಿಗಿ ಹೋಗ್ಯಾಳ, ಮನಿಯಾಗ ಎಮ್ಮಿ ಹಿಂಡೋರಿಲ್ಲ."

ಅವನ ಕೈ ಅಲ್ಲೇ ನಿಂತಿತು.

"ಪಂಚಮಿ ಯಾವತ್ತಲೇ?"

"ನಾಳಿ."

ಊರಿಗೆ ಊರೇ ಉಂಡಿ ಕಟ್ಟುತ್ತಿತ್ತು, ಜೋಳ ಹುರಿದು ಅಳ್ಳು ಮಾಡುತ್ತಿತ್ತು, ಗಿಡಕ್ಕೆಲ್ಲ ಜೋಕಾಲಿ ಬಿದ್ದಿದ್ದವು. ಇವನಿಗೆ ಗೊತ್ತೇ ಆಗಿರಲಿಲ್ಲ. ಕರೆತರಲು ತಂಗಿ ಇಲ್ಲ, ತವರಿಗೆ ಕಳಿಸಲು ಹೆಂಡತಿ ಇಲ್ಲ. ಅಂಥವನ ಪಾಲಿಗೆ ಪಂಚಮಿ ಎಂದರೆ ಖಾನಾವಳಿ ಮುಚ್ಚಿರುವ ಒಂದು ದಿನ ಅಷ್ಟೇ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಅವನು ಆಗಲೇ ಹೊಸ ಸುಳ್ಳು ಹೊಲಿಯುತ್ತಿದ್ದ. ನಾಳೆ ಹಗಲಿನಲ್ಲಿ ಆ ಕಡೆ ಕರೆಂಟಿನ ಕೆಲಸ ಇದೆ, ಸಂಜೆ ಬಾ ಎಂದು ಜಂಬಮ್ಮನಿಗೆ ಹೇಳಿಕಳಿಸಿದ. ಹಾಲೆರೆಯುವ ತನಕ ಉಪವಾಸ ಇರುವ ಹೆಂಗಸಿಗೆ ಸಂಜೆ ಬಾ ಎಂದು ಹೇಳುವ ಬುದ್ಧಿ ಮದುವೆಯಾಗದವನಿಗೇ ಬರಬೇಕು.

ಮರುದಿನ ಬೆಳಿಗ್ಗೆ ಹುಲುಗೇಶನ ಕಾರು ಬಂತು. ಬ್ಯಾಂಕಿನ ಕಡೆಯಿಂದ ಇಬ್ಬರು. ಒಬ್ಬ ಉದ್ದನೆಯ ಸಾಹೇಬ, ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಇನ್ನೊಬ್ಬಳು ಹೇಮಾ, ಮೈಸೂರಿನ ಕಡೆಯವಳು, ಅವನ ಮಾತನ್ನು ನಮಗೆ, ನಮ್ಮ ಮಾತನ್ನು ಅವನಿಗೆ ತಿಳಿಸುವವಳು. ಉಪ್ಪಿಟ್ಟು ಆಯಿತು. ಸಾಹೇಬ ಮೆಣಸಿನಕಾಯಿ ಕಚ್ಚಿ ಕೆಂಪಾದ. ಆಮೇಲೆ ರೈತರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರು.

"ಜಮೀನು ಕೊಡೋಕೆ ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ರಿ."

"ಏನಾದ್ರೂ ತೊಂದರೆ ಇದೆಯಾ?"

"ಏನೂ ಇಲ್ರಿ."

ಎಲ್ಲರೂ ಶಾಲೆಯ ಮಕ್ಕಳ ಹಾಗೆ ಒಪ್ಪಿಸಿದರು. ಗವಿಸಿದ್ದಪ್ಪ ಹಿಂದೆ ನಿಂತು ಮೀಸೆ ಸವರಿಕೊಳ್ಳುತ್ತಿದ್ದ. ಆದರೆ ಒಂದೊಂದು "ಏನೂ ಇಲ್ರಿ" ಕೇಳಿದಾಗಲೂ ಸಾಹೇಬನ ಮುಖ ಇನ್ನಷ್ಟು ಉದ್ದವಾಗುತ್ತಿತ್ತು. ಅದು ಏಕೆಂದು ಆಗ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಕಾಲುದಾರಿಯಲ್ಲಿ ಜಂಬಮ್ಮ ಬಂದಳು. ತಲೆಗೆ ನೀರು ಹಾಕಿಕೊಂಡು, ಇಲಕಲ್ ಸೀರೆ ಉಟ್ಟು, ಕೈಯಲ್ಲಿ ಹಾಲಿನ ತಂಬಿಗೆ. ಹಿಂದೆ ಓಣಿಯ ಮೂರ್ನಾಲ್ಕು ಹೆಂಗಸರು. ಶಾಮಿಯಾನದ ಕಡೆ ನೋಡದೆ ನೇರವಾಗಿ ಹೊಲದ ನಡುವೆ ಹೋದಳು. ಸೊಪ್ಪೆಯ ಗುಡ್ಡೆಯ ಮುಂದೆ ನಿಂತಳು. ಸುತ್ತ ಒಮ್ಮೆ ನೋಡಿದಳು. ತನ್ನ ಹೊಲದಲ್ಲಿ ತನಗೇ ದಾರಿ ತಪ್ಪಿತೇ ಎನ್ನುವಂತೆ ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದಳು.

"ಗವಿಸಿದ್ದಪ್ಪಾರ, ಇಲ್ಲಿ ಹುತ್ತ ಇತ್ತಲ್ರಿ. ಎಲ್ಲಿ ಹೋತು?"

ಎಲ್ಲರೂ ತಿರುಗಿದರು. ಹುಲುಗೇಶ್ ಬಾಳೆಹಣ್ಣು ಅರ್ಧ ಸುಲಿದು ಹಾಗೇ ಹಿಡಿದುಕೊಂಡ. ಗವಿಸಿದ್ದಪ್ಪ ಟವೆಲ್ಲು ತೆಗೆದು ಕೊಡವಿದ.

"ಮಳಿಗಿ ಕರಗಿತವ್ವಾ. ದೊಡ್ಡಬಸವೇಶ್ವರನಾಣಿ."

ಆ ವರ್ಷ ನಮ್ಮಲ್ಲಿ ಒಣಹಾಕಿದ ಬಟ್ಟೆ ನೆನೆಯುವಷ್ಟೂ ಮಳೆ ಬಿದ್ದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವನ ಮುಖಕ್ಕೆ ಉಗುಳುತ್ತಿದ್ದರು. ಜಂಬಮ್ಮ ನಂಬಿದಳು. ಸೊಪ್ಪೆಯ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

"ಕರಗಿಲ್ರಿ ಅದು. ನಾಗಪ್ಪ ಎದ್ದು ಹೋದ. ಬಾಡಿಗಿ ಆಸಿಗಿ ಹೂಂ ಅಂದೆನಲ್ಲ, ಅದಕ್ಕ ಹೋದ. ನನ್ನ ತವರುಮನಿ ನಾನ ಕಳಕೊಂಡೆ" ಎಂದಳು. ಅಳಲಿಲ್ಲ. ಹಾಲಿನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜೊತೆಯ ಹೆಂಗಸರನ್ನು ಕೇಳಿದಳು: "ಈಗ ಇದನ್ನ ಎಲ್ಲಿ ಎರಿಯಲಿ?"

ನಾನು ಗವಿಸಿದ್ದಪ್ಪನ ಕಡೆ ನೋಡಿದೆ. ಇಷ್ಟು ವರ್ಷ ಅವನು ಹೇಳಿದ ಸುಳ್ಳುಗಳೆಲ್ಲ ಬಯಲಾಗುವ ಹೊತ್ತಿಗೆ ಅವನು ಮುಂದಿನ ಊರಿನ ಬಸ್ಸು ಹತ್ತಿರುತ್ತಿದ್ದ. ತಾನು ಆಡಿದ ಮಾತನ್ನು ನಂಬಿ ಒಬ್ಬಳು ಹೀಗೆ ನೆಲಕ್ಕೆ ಕೂತದ್ದನ್ನು ಅವನು ಕಂಡದ್ದು ಅದೇ ಮೊದಲು. ಅವನ ತುಟಿ ಎರಡು ಸಲ ಅಲುಗಿತು. ಆಮೇಲೆ ಕೊಡೆಯನ್ನು ಅತ್ತ ಎಸೆದು, ಸೊಪ್ಪೆಯ ಹೊರೆಗಳನ್ನು ಎರಡೂ ಕೈಯಿಂದ ಎಳೆದು ಹಾಕತೊಡಗಿದ. ನಾನೂ ಓಡಿಹೋಗಿ ಎಳೆದೆ. ಹೋದ ವರ್ಷದ ಅರಿಶಿನ ಹಚ್ಚಿಕೊಂಡ ಹುತ್ತ ಮೆಲ್ಲಗೆ ಹೊರಗೆ ಬಂತು.

ಗವಿಸಿದ್ದಪ್ಪ ಸಾಹೇಬನ ಮುಂದೆ ಹೋಗಿ ನಿಂತ. ಮೈತುಂಬ ಧೂಳು.

"ಹುತ್ತ ಐತ್ರಿ. ಇಲ್ಲ ಅಂತ ನಿಮಗ ಹೇಳಿದಾವ ನಾನು. ಉಳಿತೈತಿ ಅಂತ ಈಕಿಗಿ ಹೇಳಿದಾವನೂ ನಾನ. ಗಂಡಿನವರದು ತಪ್ಪಿಲ್ಲ, ಹೆಣ್ಣಿನವರದೂ ತಪ್ಪಿಲ್ಲ. ನಡುವ ಇದ್ದಾವ ನಾನು ಎರಡೂ ಕಡಿ ಸುಳ್ಳು ಹೇಳೀನಿ."

ಆಣೆ ಇಡಲಿಲ್ಲ. ಟವೆಲ್ಲು ಹೆಗಲ ಮೇಲೇ ಇತ್ತು. ಇಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ತಿಳಿಯದೆ ಹೇಮಾ ಸ್ವಲ್ಪ ತಡವರಿಸಿದಳು, ಆಮೇಲೆ ಹೇಗೋ ಸಾಹೇಬನಿಗೆ ತಿಳಿಸಿದಳು. ಕೇಳುತ್ತ ಕೇಳುತ್ತ ಸಾಹೇಬನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು. ಅವನು ಏನೋ ಹೇಳಿದ.

"ಬೆಳಿಗ್ಗೆಯಿಂದ ಎಲ್ರೂ ಏನೂ ತೊಂದರೆ ಇಲ್ಲ ಅಂತಾನೇ ಹೇಳ್ತಿದ್ರು, ಅದಕ್ಕೇ ಇವರಿಗೆ ಭಯ ಆಗಿತ್ತಂತೆ" ಎಂದಳು ಹೇಮಾ. "ಒಂದೂ ಕುಂದಿಲ್ಲದ ಜಮೀನನ್ನ ಇವರು ಯಾವ ದೇಶದಲ್ಲೂ ನೋಡಿಲ್ವಂತೆ. ಪೂಜೆ ಮಾಡೋ ಜಾಗ ಹಾಗೇ ಉಳೀಬೇಕು, ಹೋಗೋಕೆ ದಾರಿ ಬಿಡಬೇಕು. ಅದು ಬ್ಯಾಂಕಿನ ಷರತ್ತು. ಇಲ್ಲಾಂದ್ರೆ ದುಡ್ಡೇ ಇಲ್ಲ."

ನಾನು ಗವಿಸಿದ್ದಪ್ಪನ ಮುಖ ನೋಡಿದೆ, ಅವನು ನನ್ನ ಮುಖ ನೋಡಲಿಲ್ಲ. ಒಂದು ಐಬು ನಾವೇ ಹೇಳಬೇಕು ಎಂದು ಜನ್ಮವಿಡೀ ಪಾಠ ಹೇಳಿದವನು, ಕೈಯಲ್ಲಿದ್ದ ಒಂದೇ ಒಂದು ಐಬನ್ನು ಸೊಪ್ಪೆ ಹಾಕಿ ಮುಚ್ಚಿದ್ದ.

ಹುಲುಗೇಶನಿಗೆ ಹೋದ ಜೀವ ಬಂದಿತ್ತು. "ಒಂದು ಸಾಲು ಪ್ಯಾನೆಲ್ ಆಕಡಿಗಿ ಸರಿಸಿದ್ರ ಮುಗೀತಿತ್ತಲ್ರಿ ಯಜಮಾನ್ರ. ಮೊದಲ ಹೇಳಾಕ ಏನಾಗಿತ್ತು?"

"ಒಂದು ಸಾಲೇನ್ರಿ?"

"ಒಂದ ಸಾಲು."

ಗವಿಸಿದ್ದಪ್ಪ ಸೊಪ್ಪೆಯ ಮೇಲೆ ಕುಕ್ಕರಿಸಿದ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಸುಳ್ಳು ಖರ್ಚಾದದ್ದು ಅವನಿಗೆ ತಡೆಯಲಾಗಲಿಲ್ಲ.

ಹೆಂಗಸರು ಹುತ್ತದ ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಗೆಜ್ಜೆವಸ್ತ್ರ ಏರಿಸಿದರು. ಸಾಹೇಬ ಬೂಟು ಬಿಚ್ಚಿ ಹತ್ತಿರ ಬಂದ. ಅಷ್ಟು ದೊಡ್ಡ ಬ್ಯಾಂಕಿನವನ ಕಾಲುಚೀಲದಲ್ಲಿ ತೂತಿತ್ತು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿದ ಮೇಲೆಯೇ ನಮ್ಮ ಹೆಂಗಸರಿಗೆ ಅವನ ಮೇಲೆ ನಂಬಿಕೆ ಬಂದದ್ದು. ಒಬ್ಬಳು ಅವನ ಕೈಗೂ ಉಂಡಿ ಕೊಟ್ಟಳು.

ನಮ್ಮಲ್ಲಿ ಪಂಚಮಿಯ ಹಾಲನ್ನು ಸುಮ್ಮನೆ ಸುರಿಯುವುದಿಲ್ಲ. ತನ್ನವರು ಎನ್ನುವವರ ಹೆಸರೆತ್ತಿ, ಒಬ್ಬೊಬ್ಬರ ಪಾಲು ಎಂದು ಎರೆಯುತ್ತಾರೆ. ಜಂಬಮ್ಮ ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ ಶುರುಮಾಡಿದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಬಿಸಿಲಿಲ್ಲದ ಊರಿನ ಮುದುಕರ ಪಾಲು."

ಹೇಮಾ ಅದನ್ನು ತಿಳಿಸಿದಾಗ ಸಾಹೇಬ ಉಂಡಿ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ. ಇದಾದ ಮೇಲೆ ಅಣ್ಣತಮ್ಮಂದಿರ ಪಾಲು. ಪ್ರತಿ ವರ್ಷ ಈ ಪಾಲಿನ ಸರದಿ ಬಂದಾಗ ಜಂಬಮ್ಮ ಬಟ್ಟಲನ್ನು ಕೆಳಗಿಡುತ್ತಿದ್ದಳಂತೆ, ಜೊತೆಯ ಹೆಂಗಸರು ಆಮೇಲೆ ಹೇಳಿದರು. ಈ ಸಲ ಅವಳು ಬಟ್ಟಲು ಕೆಳಗಿಡಲಿಲ್ಲ. ಸೊಪ್ಪೆಯ ಮೇಲೆ ತಲೆ ತಗ್ಗಿಸಿ ಕೂತವನ ಕಡೆ ಒಮ್ಮೆ ನೋಡಿದಳು. ಇನ್ನೊಂದು ಪಾಲು ಎರೆದಳು.

"ಗವಿಸಿದ್ದಪ್ಪಣ್ಣನ ಪಾಲು."

ಗವಿಸಿದ್ದಪ್ಪ ತಲೆ ಎತ್ತಿದ. ಸಾಹೇಬ ಹೇಮಾಳ ಕಿವಿಯಲ್ಲಿ ಏನೋ ಕೇಳಿದ, ಹೇಮಾ ಜಂಬಮ್ಮನನ್ನು ಕೇಳಿದಳು.

"ಇವರು ನಿಮಗೇನಾಗಬೇಕಮ್ಮ?"

"ನಮ್ಮಣ್ಣ" ಎಂದಳು ಜಂಬಮ್ಮ, ಹುತ್ತದಿಂದ ಕಣ್ಣು ತೆಗೆಯದೆ. "ಒಡಹುಟ್ಟಿದಾವ."

ಊರಿಗೇ ಗೊತ್ತಿದ್ದ ಸುಳ್ಳು. ಅಲ್ಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ, ರೈತರ ನಡುವೆ ನಿಂತಿದ್ದ ಮೂಕಪ್ಪನಂತೂ ಬಿಚ್ಚುವವನೇ ಅಲ್ಲ. ಗವಿಸಿದ್ದಪ್ಪನಿಗಾಗಿ ಒಂದು ಸುಳ್ಳು ಹೇಳುವವರು ಕುರುಗೋಡಿನಲ್ಲಿ ಕೊನೆಗೂ ಒಬ್ಬರು ಸಿಕ್ಕಿದ್ದರು. ಅವನು ಟವೆಲ್ಲು ತೆಗೆದು ಮುಖ ಮುಚ್ಚಿಕೊಂಡ, ಆ ಸುಳ್ಳಿಗೆ ತನ್ನದೊಂದನ್ನೂ ಸೇರಿಸಲಿಲ್ಲ.